ಬೆಕ್ಕಿನ ಮರಳುಪೆಟ್ಟಿಗೆಯೂ ಮನೆಯ ಶುಚಿತ್ವವೂ

ನಮ್ಮ ಹಿರಿಯರ ಕಾಲದಲ್ಲಿ ಬೆಕ್ಕಿಲ್ಲದ ಮನೆ ವಿರಳ. ಹಗೇವಿನಲ್ಲಿ ಜೋಳ, ಅಟ್ಟದ ಮೇಲೆ ಬೆಲ್ಲ, ಮೂಲೆಯಲ್ಲಿ ಕಡಲೆಯ ಚೀಲ ಇರುತ್ತಿದ್ದ ಆ ಮನೆಗಳಲ್ಲಿ ಇಲಿಗಳ ಕಾಟವನ್ನು ತಡೆಯಲು ಬೆಕ್ಕು ಬೇಕೇ ಬೇಕಾಗಿತ್ತು. ಅದರ ಮಲಮೂತ್ರಗಳ ಚಿಂತೆಯನ್ನು ಮಾತ್ರ ಯಾರೂ ಮಾಡುತ್ತಿರಲಿಲ್ಲ. ಹಿತ್ತಲ ಸಡಿಲ ಮಣ್ಣಿನಲ್ಲಿಯೋ, ತಿಪ್ಪೆಯ ಅಂಚಿನಲ್ಲಿಯೋ, ಒಲೆಯಿಂದ ತೆಗೆದು ಸುರಿದ ಬೂದಿಯ ಗುಡ್ಡೆಯಲ್ಲಿಯೋ ಅದು ತಾನೇ ಕೆದರಿ, ತಾನೇ ಮುಚ್ಚಿ, ಏನೂ ಅರಿಯದಂತೆ ಒಳಗೆ ಬಂದು ಕಟ್ಟೆಯ ಮೇಲೆ ಮಲಗುತ್ತಿತ್ತು. ಭೂಮಿತಾಯಿ ಉಳಿದುದನ್ನು ನೋಡಿಕೊಳ್ಳುತ್ತಿದ್ದಳು.

ಇಂದು ಆ ಹಿತ್ತಲು ಎಲ್ಲಿದೆ? ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಗಳಲ್ಲಿ ನಮ್ಮ ಮಕ್ಕಳು ಮೂರನೆಯ, ನಾಲ್ಕನೆಯ ಅಂತಸ್ತಿನ ಮನೆಗಳಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿಗೂ ಬೆಕ್ಕು ಬಂದಿದೆ. ಆದರೆ ಇಲಿ ಹಿಡಿಯಲೆಂದು ಬಂದುದಲ್ಲ, ಮನೆಯ ಮಗುವಿನಂತೆ ಬಂದುದು. ಮಣ್ಣಿಲ್ಲದ ಆ ಮನೆಯಲ್ಲಿ ಅದಕ್ಕೆ ಮಣ್ಣನ್ನು ನಾವೇ ಒದಗಿಸಬೇಕು. ಅಂಗಡಿಯವರು ‘ಲಿಟರ್ ಬಾಕ್ಸ್’ ಎಂದು ಮಾರುವ ಅಗಲವಾದ ಪೆಟ್ಟಿಗೆ ಇದಕ್ಕಾಗಿಯೇ ಇರುವುದು. ಈ ಲೇಖನದಲ್ಲಿ ಅದನ್ನು ಮರಳುಪೆಟ್ಟಿಗೆ ಎಂದು ಕರೆಯೋಣ.

ಇಂತಹ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ವಾಸನೆ. ಅದಕ್ಕೆ ಜನರು ಕಂಡುಕೊಂಡಿರುವ ಪರಿಹಾರಗಳು ಮೂರು. ಕೆಲವರು ಊದುಬತ್ತಿ ಹಚ್ಚಿ, ಸುಗಂಧ ಸಿಂಪಡಿಸಿ ದುರ್ಗಂಧವನ್ನು ಮುಚ್ಚಲು ಯತ್ನಿಸುತ್ತಾರೆ. ಕೆಲವರು ಪೆಟ್ಟಿಗೆಯ ಕೆಲಸವನ್ನು ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಮೇಲೆಯೋ ಸೊಸೆಯ ಮೇಲೆಯೋ ಹೊರಿಸಿ ತಾವು ನಿಶ್ಚಿಂತರಾಗುತ್ತಾರೆ. ಇನ್ನು ಕೆಲವರು ಒಂದು ರಾತ್ರಿ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಊರಾಚೆ ಬಿಟ್ಟುಬರುತ್ತಾರೆ. ಈ ಮೂರೂ ಪರಿಹಾರಗಳಲ್ಲ. ಮೊದಲನೆಯದು ಕೊಳೆಯನ್ನು ಅಡಗಿಸುತ್ತದೆ, ಎರಡನೆಯದು ಹೊಣೆಯನ್ನು ಜಾರಿಸುತ್ತದೆ, ಮೂರನೆಯದು ನಂಬಿದ ಜೀವಕ್ಕೆ ದ್ರೋಹವೆಸಗುತ್ತದೆ. ನಿಜವಾದ ಪರಿಹಾರ ದಿನಕ್ಕೆ ಹತ್ತು ನಿಮಿಷಗಳ ಕೆಲಸ. ಅದನ್ನು ಯಾರು ಮಾಡಬೇಕು, ಹೇಗೆ ಮಾಡಬೇಕು ಎಂಬುದೇ ಇಲ್ಲಿಯ ವಿಚಾರ.

ಈ ಕೆಲಸ ಯಾರದು?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಮಾಡಿದ ದೊಡ್ಡ ಕ್ರಾಂತಿಗಳಲ್ಲಿ ಒಂದು, ಕೆಲಸಕ್ಕೆ ಅಂಟಿದ್ದ ಮೇಲುಕೀಳುಗಳನ್ನು ತೊಡೆದುಹಾಕಿದುದು. ಮಡಿವಾಳ ಮಾಚಿದೇವರು ಬಟ್ಟೆಯ ಕೊಳೆಯನ್ನು ತೊಳೆದರು. ಶರಣೆ ಸತ್ಯಕ್ಕನವರ ಕಾಯಕ ಅಂಗಳ ಗುಡಿಸುವುದು. ಅವರ ಕೈಗೆ ಕೊಳೆ ತಾಗಿತು, ಆದರೆ ಅವರ ಘನತೆಗೆ ತಾಗಲಿಲ್ಲ. ಇದನ್ನು ಪುರಾಣಪ್ರವಚನಗಳಲ್ಲಿ ಕೇಳಿ ತಲೆದೂಗುವ ನಾವು, ಮನೆಯ ಮೂಲೆಯಲ್ಲಿರುವ ಮರಳುಪೆಟ್ಟಿಗೆಯ ಮುಂದೆ ಮೂಗು ಮುಚ್ಚಿಕೊಂಡು, ‘ಅದು ನನ್ನ ಕೆಲಸವಲ್ಲ’ ಎಂದರೆ ಕೇಳಿದುದು ಕಿವಿಯಲ್ಲಿಯೇ ಉಳಿಯಿತೆಂದು ಅರ್ಥ. ಮಲ ಎತ್ತುವ ಕೆಲಸವನ್ನು ಇನ್ನೊಬ್ಬರ ಹಣೆಗೆ ಕಟ್ಟಿ ತಾನು ಮಡಿಯಾಗಿರುವುದು ಶರಣರ ದಾರಿಯಲ್ಲ. ಬೆಕ್ಕನ್ನು ಮುದ್ದಿಸುವ ಕೈಯೇ ಅದರ ಪೆಟ್ಟಿಗೆಯನ್ನೂ ಸ್ವಚ್ಛಗೊಳಿಸಬೇಕು. ಹಾಗೆ ಮಾಡುವುದರಿಂದ ಕೈ ಮೈಲಿಗೆಯಾಗದು. ಸಾಬೂನು, ನೀರುಗಳು ಅದಕ್ಕಾಗಿಯೇ ಇವೆ.

ದುರ್ಗಂಧ ಹುಟ್ಟುವ ಬಗೆ

ರೋಗದ ಮೂಲವನ್ನು ಅರಿಯದೆ ಮದ್ದು ಕೊಡಲಾಗದು. ಮನೆಬೆಕ್ಕಿನ ಮೂಲಪುರುಷನು ಆಫ್ರಿಕಾ ಹಾಗೂ ಪಶ್ಚಿಮ ಏಷ್ಯಾದ ಒಣನಾಡುಗಳ ಕಾಡುಬೆಕ್ಕು. ನೀರು ದುರ್ಲಭವಾದ ಆ ನೆಲದಲ್ಲಿ ಬಾಳಿದ ಜೀವಿಯಾದುದರಿಂದ ಅದರ ಮೂತ್ರಪಿಂಡಗಳು ನೀರನ್ನು ದೇಹದಲ್ಲಿಯೇ ಉಳಿಸಿಕೊಂಡು ಮೂತ್ರವನ್ನು ಬಹಳ ಗಟ್ಟಿಯಾಗಿ ಹೊರಹಾಕುತ್ತವೆ. ಆ ಗುಣ ನಮ್ಮ ಮನೆಯ ಬೆಕ್ಕಿಗೂ ಬಂದಿದೆ. ಮೂತ್ರದಲ್ಲಿರುವ ಯೂರಿಯಾವನ್ನು ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಾ ಅನಿಲವು ಹುಟ್ಟುತ್ತದೆ. ಕಣ್ಣು ಮೂಗುಗಳನ್ನು ಚುಚ್ಚುವುದು ಇದೇ. ಇದರೊಂದಿಗೆ ಬೆಕ್ಕಿನ ಮೂತ್ರದಲ್ಲಿ, ಅದರಲ್ಲಿಯೂ ಸಂತಾನಹರಣ ಚಿಕಿತ್ಸೆಯಾಗದ ಗಂಡುಬೆಕ್ಕಿನ ಮೂತ್ರದಲ್ಲಿ, ಫೆಲಿನೈನ್ ಎಂಬ ಗಂಧಕಯುಕ್ತ ಅಮೈನೊ ಆಮ್ಲವಿರುತ್ತದೆ. ಅದು ಒಡೆದಾಗ ಬರುವ ಕಟುವಾಸನೆ ದಿನಗಟ್ಟಲೆ ನಿಲ್ಲುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಹೊಸ ಮೂತ್ರಕ್ಕೆ ವಾಸನೆ ಕಡಿಮೆ, ಹಳೆಯದಾದಂತೆಲ್ಲ ಹೆಚ್ಚು. ಕಾಲವೇ ಇಲ್ಲಿ ಶತ್ರು. ಸೂಕ್ಷ್ಮಜೀವಿಗಳಿಗೆ ಕೆಲಸ ಮಾಡಲು ಸಮಯ ಸಿಗದಂತೆ ಕೊಳೆಯನ್ನು ಎತ್ತಿಬಿಟ್ಟರೆ ದುರ್ಗಂಧ ಹುಟ್ಟುವುದೇ ಇಲ್ಲ. ಹುಟ್ಟದ ದುರ್ಗಂಧಕ್ಕೆ ಊದುಬತ್ತಿಯ ಅಗತ್ಯವೆಲ್ಲಿ?

ಒಲೆಯ ಬೂದಿಯನ್ನು ತುಂಬಿದರಾಗದೇ ಎಂದು ಹಿರಿಯರು ಕೇಳುವುದುಂಟು. ಬಯಲಿನಲ್ಲಿ ಅದು ಸರಿ, ಕೋಣೆಯೊಳಗೆ ಅಲ್ಲ. ಬೂದಿ ಕ್ಷಾರಗುಣವುಳ್ಳದ್ದು, ಕ್ಷಾರವು ಅಮೋನಿಯಾವನ್ನು ಹಿಡಿದಿಡುವ ಬದಲು ಹೊರಕ್ಕೆ ಬಿಡುತ್ತದೆ. ಬೆಕ್ಕಿನ ಪಾದಗಳಿಗೆ ಅಂಟಿ ಮನೆಯ ತುಂಬ ಹೆಜ್ಜೆಗುರುತು ಮೂಡಿಸುವುದು ಬೇರೆ.

ಮಣ್ಣಿನ ಕಥೆ

ಈ ಹೆಜ್ಜೆಗುರುತಿನಿಂದಲೇ ಇಂದಿನ ಮರಳುಪೆಟ್ಟಿಗೆಯ ಉದ್ಯಮವು ಹುಟ್ಟಿತೆಂಬುದು ಸ್ವಾರಸ್ಯಕರ. ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಸೊಪೊಲಿಸ್ ಎಂಬ ಊರಿನಲ್ಲಿ, 1947ರ ಚಳಿಗಾಲದಲ್ಲಿ, ನೆರೆಯ ಮಹಿಳೆಯೊಬ್ಬಳು ಎಡ್ವರ್ಡ್ ಲೋ ಎಂಬ ಯುವಕನ ಬಳಿಗೆ ಬಂದು ಬೆಕ್ಕಿಗಾಗಿ ಒಂದಿಷ್ಟು ಮರಳು ಕೇಳಿದಳು. ಅವಳ ಅಂಗಳದ ಮರಳು ಹಿಮಗಟ್ಟಿತ್ತು. ಬೂದಿ ಬಳಸಿದರೆ ಮನೆಯೆಲ್ಲ ಕರಿಯಾಗುತ್ತಿತ್ತು. ಲೋ ಮರಳಿನ ಬದಲು ತನ್ನ ಬಳಿಯಿದ್ದ, ಎಣ್ಣೆ ಹೀರಲು ಬಳಸುವ ಒಂದು ಜಾತಿಯ ಒಣಜೇಡಿಯ ಹರಳುಗಳನ್ನು ಕೊಟ್ಟನು. ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಬಳಗಕ್ಕೆ ಸೇರಿದ ಮಣ್ಣು ಅದು. ಆಕೆಗೆ ಅದು ಬಹಳ ಹಿಡಿಸಿತು. ಲೋ ಅದನ್ನು ಚೀಲಗಳಲ್ಲಿ ತುಂಬಿ, ಚೀಲಕ್ಕೆ 65 ಸೆಂಟಿನಂತೆ ಮಾರತೊಡಗಿದನು. ಆತ 1995ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅದೊಂದು ದೊಡ್ಡ ವ್ಯಾಪಾರವಾಗಿ ಬೆಳೆದಿತ್ತು.

1980ರ ದಶಕದಲ್ಲಿ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಬಳಕೆ ಬಂದಿತು. ತೇವ ತಗಲಿದೊಡನೆ ಉಬ್ಬಿ ಮುದ್ದೆಗಟ್ಟುವುದು ಇದರ ಗುಣ. ಮೂತ್ರ ಬಿದ್ದ ಭಾಗವಷ್ಟೇ ಉಂಡೆಯಾಗುವುದರಿಂದ ಅದನ್ನು ಮಾತ್ರ ಎತ್ತಿ ಬಿಸುಟು ಉಳಿದುದನ್ನು ಬಳಸಬಹುದು. ನಮ್ಮ ದೇಶದಲ್ಲಿ ಗುಜರಾತಿನ ಕಚ್ಛ್ ಪ್ರದೇಶ ಮತ್ತು ರಾಜಸ್ಥಾನಗಳಲ್ಲಿ ಬೆಂಟೊನೈಟಿನ ಗಣಿಗಳಿವೆ.

ಇದನ್ನು ಕೊಳ್ಳಲಾಗದವರು ಚಿಂತಿಸಬೇಕಾಗಿಲ್ಲ. ಜರಡಿ ಹಿಡಿದ ಒಣಮರಳು, ಬಣ್ಣ ಹಾಗೂ ಮದ್ದು ಬಳಿಯದ ಮರದ ಹೊಟ್ಟು, ತೆಂಗಿನ ನಾರಿನ ಪುಡಿ, ಸಣ್ಣಗೆ ಹರಿದ ಕಾಗದ ಇವು ಕೂಡ ನಡೆಯುತ್ತವೆ. ಆದರೆ ಇವು ಮುದ್ದೆಗಟ್ಟುವುದಿಲ್ಲವಾದ್ದರಿಂದ ವಾರಕ್ಕೆ ಎರಡು ಬಾರಿಯಾದರೂ ಪೂರ್ತಿಯಾಗಿ ಬದಲಿಸಬೇಕು. ಹಾಲು ಬಿಡದ ಎಳೆಯ ಮರಿಗಳು ಕಂಡುದನ್ನೆಲ್ಲ ನೆಕ್ಕುವುದರಿಂದ ಅವುಗಳಿಗೆ ಮುದ್ದೆಗಟ್ಟುವ ಮಣ್ಣು ಬೇಡ. ಪರಿಮಳ ಬೆರೆಸಿದ ಮಣ್ಣು ಯಾವ ವಯಸ್ಸಿನ ಬೆಕ್ಕಿಗೂ ಬೇಡ. ಬೆಕ್ಕಿನ ಮೂಗು ನಮ್ಮ ಮೂಗಿಗಿಂತ ಬಹಳ ಸೂಕ್ಷ್ಮ. ನಮಗೆ ಹಿತವಾದ ಗುಲಾಬಿಯ ಗಂಧ ಅದಕ್ಕೆ ಉಸಿರುಗಟ್ಟಿಸಬಹುದು.

ಪೆಟ್ಟಿಗೆ ಎಂತಹುದಿರಬೇಕು? ಎಲ್ಲಿರಬೇಕು?

ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಉದ್ದವಿರುವ ಪೆಟ್ಟಿಗೆ ಉತ್ತಮ. ಅಂಗಡಿಯದೇ ಆಗಬೇಕೆಂದಿಲ್ಲ, ಅಗಲವಾದ ಪ್ಲಾಸ್ಟಿಕ್ ಟಬ್ಬು ಸಾಕು. ಮಣ್ಣಿನ ಆಳ 2ರಿಂದ 3 ಅಂಗುಲ ಇರಲಿ. ಮುದಿ ಬೆಕ್ಕಿಗೆ ಕೀಲುನೋವು ಇರುವುದರಿಂದ ಒಂದು ಬದಿ ತಗ್ಗಾಗಿರಬೇಕು. ಮುಚ್ಚಳವುಳ್ಳ ಪೆಟ್ಟಿಗೆ ನಮಗೆ ಚೆಂದ. ಆದರೆ ವಾಸನೆ ಒಳಗೇ ಕಟ್ಟಿಕೊಂಡು ಒಳಹೊಕ್ಕ ಬೆಕ್ಕಿಗೆ ಹಿಂಸೆಯಾಗುತ್ತದೆ. ಪೆಟ್ಟಿಗೆಗಳ ಸಂಖ್ಯೆಯ ಬಗ್ಗೆ ಪಶುವೈದ್ಯರ ಸಾಮಾನ್ಯ ಸೂತ್ರವೊಂದಿದೆ: ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು. ಎರಡು ಬೆಕ್ಕುಗಳಿದ್ದರೆ ಮೂರು ಪೆಟ್ಟಿಗೆ.

ಸ್ಥಳವು ಗಾಳಿಯಾಡುವಂತಿದ್ದು ಸದ್ದುಗದ್ದಲಗಳಿಲ್ಲದೆ ಇರಬೇಕು. ಅಡಿಗೆಮನೆ, ಪೂಜಾಗೃಹಗಳಿಂದ ದೂರವಿಡುವುದು ನಮಗೆ ಸಹಜ. ಬೆಕ್ಕಿಗೂ ತನ್ನದೇ ಆದ ಮಡಿಯುಂಟು. ಉಣ್ಣುವ ಬಟ್ಟಲಿನ ಪಕ್ಕದಲ್ಲಿ ಪೆಟ್ಟಿಗೆಯಿಟ್ಟರೆ ಅದು ಒಪ್ಪುವುದಿಲ್ಲ. ಬಚ್ಚಲಲ್ಲಿ ಇಡುವುದಾದರೆ ನೀರು ಸಿಡಿಯದಂತೆ ಮಣೆಯ ಮೇಲಿಟ್ಟು, ಬಾಗಿಲನ್ನು ಸದಾ ಓರೆಯಾಗಿ ತೆರೆದಿಡಬೇಕು. ಬಟ್ಟೆ ಒಗೆಯುವ ಯಂತ್ರದ ಪಕ್ಕ ಬೇಡ. ಒಮ್ಮೆ ಅದರ ಸದ್ದಿಗೆ ಬೆದರಿದ ಬೆಕ್ಕು ಮತ್ತೆ ಆ ಕಡೆ ಸುಳಿಯದಿರಬಹುದು.

ನಿತ್ಯಕ್ರಮ

ಬೆಳಗ್ಗೆ ಮತ್ತು ಸಂಜೆ, ಜಾಲರಿಯಂತೆ ಸೀಳುಗಳಿರುವ ಸಣ್ಣ ಸಲಿಕೆಯಿಂದ ಮಲವನ್ನೂ ಮೂತ್ರದ ಉಂಡೆಗಳನ್ನೂ ಎತ್ತಬೇಕು. ಎರಡು ಬಾರಿ ಆಗದವರು ಒಂದು ಬಾರಿಯಂತೂ ತಪ್ಪಿಸಬಾರದು. ತೆಗೆದಷ್ಟು ಹೊಸ ಮಣ್ಣನ್ನು ಸೇರಿಸಿ ಸಮಮಾಡಬೇಕು. ಎತ್ತಿದುದನ್ನು ಕಾಗದದಲ್ಲಿ ಭದ್ರವಾಗಿ ಸುತ್ತಿ, ಊರಿನ ಕಸ ಸಂಗ್ರಹದ ನಿಯಮದಂತೆ ಬೇರೆಯಾಗಿ ಕೊಡಬೇಕು. ಬಿಡಿಯಾಗಿ ಸುರಿದು ಕಸ ಎತ್ತುವವರ ಕೈಗೆ ತಾಗುವಂತೆ ಮಾಡುವುದು ಅವರಿಗೆ ಎಸಗುವ ಅಪಚಾರ. ಶೌಚಾಲಯದಲ್ಲಿ ಸುರಿದರೆ ಮಣ್ಣು ಉಬ್ಬಿ ಕೊಳವೆ ಕಟ್ಟುತ್ತದೆ. ಸೊಪ್ಪು ತರಕಾರಿ ಬೆಳೆಯುವ ಕುಂಡಕ್ಕೂ, ಲಿಂಗಪೂಜೆಗೆ ಹೂ ಪತ್ರೆ ಕೊಯ್ಯುವ ಗಿಡಗಳ ಬುಡಕ್ಕೂ ಇದನ್ನು ಗೊಬ್ಬರವೆಂದು ಹಾಕಲಾಗದು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯ.

ಮುದ್ದೆಗಟ್ಟುವ ಮಣ್ಣಾದರೆ 2ರಿಂದ 4 ವಾರಗಳಿಗೊಮ್ಮೆ ಪೂರ್ತಿ ಚೆಲ್ಲಿ, ಪೆಟ್ಟಿಗೆಯನ್ನು ಬಿಸಿನೀರು ಹಾಗೂ ಪರಿಮಳವಿಲ್ಲದ ಮೃದುವಾದ ಸಾಬೂನಿನಿಂದ ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಹಸಿಯಿದ್ದಾಗಲೇ ಮಣ್ಣು ತುಂಬಿದರೆ ತಳದಲ್ಲಿ ಕೆಸರಾಗುತ್ತದೆ. ಒಣಗಿದ ಪೆಟ್ಟಿಗೆಯ ತಳಕ್ಕೆ ಒಂದು ಚಿಟಿಕೆ ಅಡಿಗೆ ಸೋಡಾವನ್ನು ತೆಳ್ಳಗೆ ಉದುರಿಸಿ ಮೇಲೆ ಮಣ್ಣು ಹರಡಬಹುದು. ಮಳೆಗಾಲದಲ್ಲಿ ಗಾಳಿಯ ತೇವವನ್ನೂ ಮಣ್ಣು ಹೀರುವುದರಿಂದ ಉಳಿದ ಮಣ್ಣನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಉಗುರುಗಳಿಂದ ಗೀರಿದ ಪ್ಲಾಸ್ಟಿಕ್ಕಿನ ಸಂದುಗಳಲ್ಲಿ ಎಷ್ಟು ತೊಳೆದರೂ ವಾಸನೆ ಉಳಿಯುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನೇ ಬದಲಿಸುವುದು ಲೇಸು.

ಶುಚಿಗೊಳಿಸಲೆಂದು ವಿಷ ಹಾಕಬೇಡಿರಿ

ಈ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ನೆಲ ತೊಳೆಯುವಾಗ ಫಿನಾಯಿಲ್ ಸುರಿದರೆ ಮಾತ್ರ ಮನಸ್ಸಿಗೆ ಸಮಾಧಾನವಾಗುವ ಅಭ್ಯಾಸ ನಮ್ಮ ಅನೇಕ ಮನೆಗಳಲ್ಲಿದೆ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಮನುಷ್ಯನ ಯಕೃತ್ತು ಪರಿವರ್ತಿಸಿ ಹೊರಹಾಕಬಲ್ಲದು; ಬೆಕ್ಕಿನ ಯಕೃತ್ತಿಗೆ ಆ ಸಾಮರ್ಥ್ಯ ತೀರ ಕಡಿಮೆ. ಕಪ್ಪು ಫಿನಾಯಿಲ್, ಕ್ಲೋರೋಕ್ಸಿಲೆನಾಲ್ ಬೆರೆತ ಕ್ರಿಮಿನಾಶಕ ದ್ರವಗಳು ಪೆಟ್ಟಿಗೆಯಲ್ಲಿ ಉಳಿದರೆ ಪಾದಕ್ಕೆ ಅಂಟುತ್ತವೆ. ಬೆಕ್ಕು ಪಾದ ನೆಕ್ಕಿಕೊಂಡಾಗ ಹೊಟ್ಟೆ ಸೇರುತ್ತವೆ. ನುಸಿಗುಳಿಗೆ, ಕರ್ಪೂರ, ನೀಲಗಿರಿ ಎಣ್ಣೆಗಳೂ ಅದಕ್ಕೆ ಅಪಾಯಕಾರಿ. ಬ್ಲೀಚಿಂಗ್ ದ್ರವವನ್ನು ಮೂತ್ರವಿರುವ ಪೆಟ್ಟಿಗೆಗೆ ಸುರಿದರೆ ಅಮೋನಿಯಾದೊಂದಿಗೆ ಬೆರೆತು ಉಸಿರಿಗೆ ಹಾನಿಕರವಾದ ಅನಿಲ ಏಳುತ್ತದೆ. ಇದು ಬೆಕ್ಕಿಗಷ್ಟೇ ಅಲ್ಲ, ತೊಳೆಯುವವರಿಗೂ ಕೇಡು. ಸಾಬೂನು, ಬಿಸಿನೀರು, ಬಿಸಿಲು ಈ ಮೂರಕ್ಕಿಂತ ಹೆಚ್ಚಿನದು ಬೇಕಾಗಿಲ್ಲ.

ವಾಸನೆಗೆ ಆಹಾರವೂ ಕಾರಣವಾಗುವುದುಂಟು. ಬೆಕ್ಕೆಂದೊಡನೆ ಹಾಲಿನ ಬಟ್ಟಲು ಇಡುವುದು ನಮ್ಮ ರೂಢಿ. ಆದರೆ ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲಿನ ಸಕ್ಕರೆ ಜೀರ್ಣವಾಗದು. ಭೇದಿಯಾಗಿ ಪೆಟ್ಟಿಗೆ ಕೆಡುತ್ತದೆ. ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಹಾಲು ಅನ್ನದ ಮೇಲೆಯೇ ಬೆಕ್ಕನ್ನು ಸಾಕುವವರಿದ್ದಾರೆ. ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ. ಅದಕ್ಕೆ ಅವಶ್ಯವಾದ ಟಾರಿನ್ ಎಂಬ ಪೋಷಕಾಂಶ ಹಾಲು ಅನ್ನದಲ್ಲಿ ಸಾಕಷ್ಟು ದೊರೆಯದೆ ಕಣ್ಣು, ಹೃದಯಗಳು ಕೆಡುತ್ತವೆ. ನಮ್ಮ ವ್ರತವನ್ನು ಮೂಕಪ್ರಾಣಿಯ ಮೇಲೆ ಹೇರಲಾಗದು. ಅಡಿಗೆಮನೆಗೆ ಮಾಂಸ ತರಲು ಒಪ್ಪದವರು ಬೆಕ್ಕಿಗೆಂದೇ ತಯಾರಾದ ಸಿದ್ಧ ಆಹಾರವನ್ನು ಬೇರೆ ಪಾತ್ರೆಯಲ್ಲಿ ಕೊಡಬಹುದು.

ಗರ್ಭಿಣಿಯಿರುವ ಮನೆ

ಸೊಸೆ ಗರ್ಭಿಣಿಯೆಂದು ತಿಳಿದ ವಾರದಲ್ಲಿಯೇ ಬೆಕ್ಕನ್ನು ಹೊರಹಾಕುವ ಮನೆಗಳುಂಟು. ಹಿರಿಯರ ಭಯಕ್ಕೆ ಆಧಾರವಿಲ್ಲದಿಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿಯು ಬೆಕ್ಕಿನ ಮಲದ ಮೂಲಕ ಹರಡಬಲ್ಲದು. ಗರ್ಭಿಣಿಗೆ ಆ ಸೋಂಕು ಮೊದಲ ಬಾರಿಗೆ ತಗಲಿದರೆ ಗರ್ಭದ ಶಿಶುವಿನ ಕಣ್ಣು, ಮಿದುಳುಗಳಿಗೆ ಹಾನಿಯಾಗಬಹುದು. ಆದರೆ ಅರ್ಧ ತಿಳಿದು ಭಯಪಡುವುದಕ್ಕಿಂತ ಪೂರ್ಣ ತಿಳಿದು ಎಚ್ಚರವಹಿಸುವುದು ಮೇಲು.

ಸೋಂಕು ತಗಲಿದ ಬೆಕ್ಕು ಸಾಮಾನ್ಯವಾಗಿ ತನ್ನ ಮೊದಲ ಸೋಂಕಿನ ನಂತರದ 1ರಿಂದ 3 ವಾರಗಳ ಕಾಲ ಮಾತ್ರ ಇದರ ಬೀಜಕೋಶಗಳನ್ನು ಮಲದಲ್ಲಿ ಹೊರಹಾಕುತ್ತದೆ. ಅವು ಹೊರಬಿದ್ದೊಡನೆ ಸೋಂಕು ಹರಡಲಾರವು. ಅದಕ್ಕೆ 1ರಿಂದ 5 ದಿನಗಳು ಬೇಕು. ಆದುದರಿಂದ ಮಲವನ್ನು ಪ್ರತಿದಿನವೂ ತಪ್ಪದೆ ಎತ್ತುವ ಮನೆಯಲ್ಲಿ ಅಪಾಯ ಬಹಳಮಟ್ಟಿಗೆ ತಗ್ಗುತ್ತದೆ. ಹೊರಗೆ ಬೇಟೆಯಾಡದೆ, ಹಸಿಮಾಂಸ ತಿನ್ನದೆ ಒಳಗೇ ಇರುವ ಬೆಕ್ಕಿಗೆ ಸೋಂಕು ತಗಲುವ ಸಂಭವವೇ ಕಡಿಮೆ. ಇದೇ ರೋಗ ಸರಿಯಾಗಿ ತೊಳೆಯದ ಸೊಪ್ಪು ತರಕಾರಿಗಳಿಂದಲೂ, ತೋಟದ ಮಣ್ಣಿನಿಂದಲೂ, ಬೇಯದ ಮಾಂಸದಿಂದಲೂ ಬರುತ್ತದೆ. ಬೆಕ್ಕನ್ನು ಓಡಿಸಿ ಕೊತ್ತಂಬರಿಯನ್ನು ತೊಳೆಯದೆ ತಿಂದರೆ ಏನು ಬಂತು?

ಗರ್ಭಿಣಿಯು ಪೆಟ್ಟಿಗೆಯನ್ನು ಮುಟ್ಟಬಾರದು. ಆ ತಿಂಗಳುಗಳಲ್ಲಿ ಗಂಡನೋ ಮಾವನೋ ಮೈದುನನೋ ಆ ಕೆಲಸವನ್ನು ವಹಿಸಿಕೊಳ್ಳಬೇಕು. ಮಾಡಲೇಬೇಕಾದ ಪ್ರಸಂಗ ಬಂದರೆ ಕೈಚೀಲ ತೊಟ್ಟು ಮಾಡಿ, ಅನಂತರ ಕೈಗಳನ್ನು ಚೆನ್ನಾಗಿ ತೊಳೆಯಬೇಕು. ಸಂದೇಹವಿದ್ದವರು ವೈದ್ಯರಲ್ಲಿ ಹೇಳಿ ರಕ್ತಪರೀಕ್ಷೆ ಮಾಡಿಸಬಹುದು. ಮನೆಯ ಗಂಡಸರು ಹತ್ತು ನಿಮಿಷ ಬಗ್ಗಿ ಕೆಲಸ ಮಾಡಿದರೆ ಸೊಸೆಯೂ ಕ್ಷೇಮ, ಶಿಶುವೂ ಕ್ಷೇಮ, ಬೆಕ್ಕೂ ಕ್ಷೇಮ. ಆ ಹತ್ತು ನಿಮಿಷಗಳನ್ನು ಉಳಿಸಲು ಒಂದು ಜೀವವನ್ನು ಬೀದಿಗೆ ತಳ್ಳುವುದು ಯಾವ ಧರ್ಮ? ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರವೂ ಅಪರಾಧ.

ಪೆಟ್ಟಿಗೆಯ ಸುದ್ದಿ

ನಿತ್ಯ ಪೆಟ್ಟಿಗೆ ನೋಡುವವರಿಗೆ ಇನ್ನೊಂದು ಲಾಭವುಂಟು. ಬೆಕ್ಕು ನೋವನ್ನು ಅಡಗಿಸುವ ಪ್ರಾಣಿ. ಅದರ ಕಾಯಿಲೆಯ ಮೊದಲ ಸುದ್ದಿ ಬರುವುದು ಅನೇಕ ವೇಳೆ ಈ ಪೆಟ್ಟಿಗೆಯಿಂದಲೇ. ಆರೋಗ್ಯವಂತ ಬೆಕ್ಕು ಸಾಮಾನ್ಯವಾಗಿ ದಿನಕ್ಕೆ 2ರಿಂದ 4 ಬಾರಿ ಮೂತ್ರ ಮಾಡುತ್ತದೆ. ಉಂಡೆಗಳು ದಿಢೀರನೆ ದೊಡ್ಡವಾದರೆ, ಹೆಚ್ಚಾದರೆ, ಮೂತ್ರಪಿಂಡದ ರೋಗ ಅಥವಾ ಮಧುಮೇಹದ ಸೂಚನೆಯಿರಬಹುದು. ಗಂಡುಬೆಕ್ಕು ಮತ್ತೆಮತ್ತೆ ಪೆಟ್ಟಿಗೆಗೆ ಹೋಗಿ, ತಿಣುಕಿ, ಕೂಗಿ, ಒಂದು ಹನಿಯೂ ಬಾರದೆ ಹಿಂದಿರುಗಿದರೆ ಅದು ಮೂತ್ರನಾಳ ಕಟ್ಟಿಕೊಂಡ ಲಕ್ಷಣ. ಮಲಬದ್ಧತೆಯೆಂದು ಬಗೆದು ಎಣ್ಣೆ ಕುಡಿಸುತ್ತ ಕೂತರೆ ಎರಡು ಮೂರು ದಿನಗಳಲ್ಲಿ ಪ್ರಾಣ ಹೋಗುತ್ತದೆ. ಅದೇ ದಿನ, ಅದೇ ಗಳಿಗೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಪೆಟ್ಟಿಗೆ ಬಿಟ್ಟು ಹಾಸಿಗೆಯ ಮೇಲೋ ಬಾಗಿಲ ಸಂದಿಯಲ್ಲೋ ಮೂತ್ರ ಮಾಡುವ ಬೆಕ್ಕಿನ ವಿಷಯದಲ್ಲಿ, ‘ಇದಕ್ಕೆ ಹಟ ಬಂದಿದೆ, ಸೇಡು ತೀರಿಸಿಕೊಳ್ಳುತ್ತಿದೆ’ ಎನ್ನುವುದು ತಪ್ಪು ಗ್ರಹಿಕೆ. ಸೇಡು ಮನುಷ್ಯನ ಗುಣ. ಪೆಟ್ಟಿಗೆ ಕೊಳಕಾಗಿದೆ, ಸ್ಥಳ ಹಿಡಿಸಿಲ್ಲ, ಮಣ್ಣು ಬದಲಾಗಿದೆ, ಇಲ್ಲವೆ ಮೂತ್ರ ಮಾಡುವಾಗ ನೋವಾಗುತ್ತಿದೆ ಎಂದು ಅದು ತನಗೆ ತಿಳಿದ ಒಂದೇ ಭಾಷೆಯಲ್ಲಿ ಹೇಳುತ್ತಿರುತ್ತದೆ. ಹೊಡೆದರೆ ಭಯ ಹೆಚ್ಚಿ ದೋಷವೂ ಹೆಚ್ಚುತ್ತದೆ. ಗಂಡುಬೆಕ್ಕು ಬಾಲವೆತ್ತಿ ಗೋಡೆಗೆ ಚಿಮುಕಿಸುವುದಾದರೆ, ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಅದು ಬಹುಮಟ್ಟಿಗೆ ನಿಲ್ಲುತ್ತದೆ; ಮೂತ್ರದ ಕಟುವಾಸನೆಯೂ ತಗ್ಗುತ್ತದೆ.

ಬೆಕ್ಕು ಬೇಕೆಂದು ಹಟ ಹಿಡಿದು ತರಿಸಿಕೊಂಡ ಮಕ್ಕಳಿರುವ ಮನೆಗಳಲ್ಲಿ ತಂದೆತಾಯಿಗಳು ಒಂದು ಕಟ್ಟಳೆ ಮಾಡಿಕೊಳ್ಳಲಿ. ಬೆಳಗಿನ ಪಾಳಿ ತಂದೆಯದು, ಸಂಜೆಯದು ಹತ್ತು ವರ್ಷ ದಾಟಿದ ಮಗನದೋ ಮಗಳದೋ ಆಗಲಿ. ಹಿರಿಯರು ಎದುರಿಗಿದ್ದು ಕೈತೊಳೆಯುವುದನ್ನು ಕಲಿಸಲಿ. ಮುದ್ದಿಸುವುದು ನನಗೆ, ಕೊಳೆ ಎತ್ತುವುದು ಅಮ್ಮನಿಗೆ ಎಂದು ಕಲಿತ ಮಗು ನಾಳೆ ಮುಪ್ಪಿನ ತಂದೆತಾಯಿಗಳ ಹಾಸಿಗೆಯನ್ನು ಬದಲಿಸುವಾಗಲೂ ಮೂಗು ಮುಚ್ಚಿಕೊಂಡೀತು. ಮೂಕಜೀವದ ಕೊಳೆಯನ್ನು ಬೇಸರಿಸದೆ ಎತ್ತಿದ ಮಗುವಿಗೆ ಸೇವೆಯೆಂಬುದನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.